ಆಗಮನ ಕಾಲದ ಬಿರುಗಾಳಿಗಳು



ಆಗಮನ ಕಾಲದ ಮೊದಲ ಮೇಣದ ಬತ್ತಿ ಹೊತ್ತಿಸುವ ವೇಳೆಗೆ ಬೈರಮಂಗಲದ ಸುತ್ತಿನ ಹೊಲಗಳಲ್ಲಿ ರಾಗಿ ಕೊಯ್ಲು ನಡೆದಿರುತ್ತದೆ. ಆಗ ರೈತ ಬೇಡಿಕೊಳ್ಳುವುದು ಮಳೆಯನ್ನಲ್ಲ, ಬಿಸಿಲನ್ನು. ಕೆಲವು ವರ್ಷ ಮಾತ್ರ ಆಕಾಶ ಮುಚ್ಚಿಕೊಂಡೇ ಇರುತ್ತದೆ. ನಾಲ್ಕು ದಿನ ಸೋನೆ ಹಿಡಿದರೆ ಕೊಯ್ದು ಅರಿ ಹಾಕಿದ ರಾಗಿ ತೆನೆಯಲ್ಲೇ ಮೊಳಕೆಯೊಡೆಯುತ್ತದೆ, ಹುಲ್ಲು ಕಪ್ಪಾಗಿ ದನಗಳೂ ಮೂಸುವುದಿಲ್ಲ. 2021ರ ನವೆಂಬರ್ ಮಳೆಯನ್ನು ನಮ್ಮ ಕಡೆಯ ರೈತರು ಇನ್ನೂ ಮರೆತಿಲ್ಲ. ರೇಷ್ಮೆ ಹುಳು ಸಾಕಿದವರ ಪಾಡು ಇನ್ನೊಂದು ಬಗೆ. ಒದ್ದೆ ಸೊಪ್ಪು ಹಾಕುವಂತಿಲ್ಲ. ಥಂಡಿಯೂ ತೇವವೂ ಸೇರಿದರೆ ಸುಣ್ಣಕಟ್ಟು ರೋಗದ ಭಯ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟ ಮೇಲೆ ಹವೆ ಕೆಟ್ಟರೆ ಗೂಡಿನ ನೂಲು ಸರಿಯಾಗಿ ಬಿಚ್ಚುವುದಿಲ್ಲ, ರಾಮನಗರದ ಮಾರುಕಟ್ಟೆಯಲ್ಲಿ ದರ ಸಿಗುವುದಿಲ್ಲ. ಕ್ರಿಸ್ತಜಯಂತಿಗೆ ಮಕ್ಕಳ ಹೊಸ ಬಟ್ಟೆ ಇವೆರಡರಿಂದಲೇ ಬರಬೇಕಾದ ಮನೆಗಳುಂಟು.

ಈ ಮಳೆ ಬರುವುದು ನಾವು ಕಾಣದ ಕಡಲಿನಿಂದ. ಹಿಂಗಾರಿನ ದಿನಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ಎದ್ದ ಸುಳಿಗಾಳಿ ತಮಿಳುನಾಡಿನ ದಡ ದಾಟಿ, ನೆಲದ ಮೇಲೆ ಸೊರಗುತ್ತಾ, ಉಳಿದ ಮೋಡವನ್ನು ನಮ್ಮ ಮೇಲೆ ಸುರಿಯುತ್ತದೆ. 2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತ ಪುದುಚೇರಿಯ ಬಳಿ ದಡ ಮುಟ್ಟಿತು. ಮರುದಿನವೇ ಆಗಮನ ಕಾಲದ ಮೊದಲ ಭಾನುವಾರ. ಪುದುಚೇರಿಯಲ್ಲಿ ಒಂದೇ ದಿನ 45 ಸೆಂ.ಮೀ.ಗೂ ಹೆಚ್ಚು ಮಳೆ. ನಮ್ಮ ಜಿಲ್ಲೆಗೆ ಗಡಿಯಾದ ಕೃಷ್ಣಗಿರಿ ಜಿಲ್ಲೆಯ ಊತಂಗರೆಯಲ್ಲಿ ಸುಮಾರು 50 ಸೆಂ.ಮೀ. ಅದರ ಶೇಷ ಕರ್ನಾಟಕವನ್ನೂ ದಾಟಿ ಡಿಸೆಂಬರ್ 3ರಂದು ಅರಬ್ಬೀ ಸಮುದ್ರ ಸೇರಿತು. ದಕ್ಷಿಣ ಕನ್ನಡ, ಉಡುಪಿಯ ಶಾಲೆಗಳಿಗೆ ಅಂದು ಮಳೆಯ ರಜೆ! ಅಲ್ಲಿ ಡಿಸೆಂಬರಿನಲ್ಲಿ ಹೀಗಾಗುವುದು ಅಪರೂಪ.

ಆದರೂ ನಮಗೆ ಹೋಗುವುದು ಬೆಳೆ; ಕಡಲ ತೀರದವರಿಗೆ ಜೀವ. ಇದನ್ನು ನೆನೆಯುವಾಗ 1964ರ ಡಿಸೆಂಬರ್ ಕಣ್ಣಮುಂದೆ ಬರುತ್ತದೆ. ಆ ತಿಂಗಳ 2ರಿಂದ 5ರವರೆಗೆ ಪೋಪ್ ಆರನೇ ಪಾವ್ಲರು ಪರಮಪ್ರಸಾದ ಮಹಾಸಮ್ಮೇಳನಕ್ಕಾಗಿ ಮುಂಬಯಿಗೆ ಬಂದಿದ್ದರು; ದೇಶದ ಕಥೋಲಿಕರೆಲ್ಲ ಸಂಭ್ರಮದಲ್ಲಿದ್ದರು. ಮೂರು ವಾರವೂ ಕಳೆದಿರಲಿಲ್ಲ. ಡಿಸೆಂಬರ್ 22ರ ರಾತ್ರಿ, ಸಿಂಹಳವನ್ನು ಹಾದು ಬಂದ ಚಂಡಮಾರುತ ರಾಮೇಶ್ವರ ದ್ವೀಪದ ತುದಿಯ ಧನುಷ್ಕೋಡಿಯನ್ನು ಹೊಡೆಯಿತು. ಅಷ್ಟು ದಕ್ಷಿಣದಲ್ಲಿ, ಭೂಮಧ್ಯರೇಖೆಗೆ ಅಷ್ಟು ಹತ್ತಿರ ಅಂಥ ಬಿರುಗಾಳಿ ಹುಟ್ಟುವುದೇ ವಿರಳ. ಪಾಂಬನ್‌ನಿಂದ ಹೊರಟ ಪ್ಯಾಸೆಂಜರ್ ರೈಲು ಧನುಷ್ಕೋಡಿ ನಿಲ್ದಾಣ ಮುಟ್ಟುವ ಮೊದಲೇ ಅಲೆಗಳ ಪಾಲಾಯಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಅಂಚೆ ಕಚೇರಿ, ನಿಲ್ದಾಣ, ದೇವಾಲಯ ಎಲ್ಲವೂ ಹಾಳಾದವು. ಭಾರತ ಮತ್ತು ಸಿಂಹಳದಲ್ಲಿ ಸತ್ತವರು ಒಟ್ಟು 1,800ಕ್ಕೂ ಹೆಚ್ಚು ಎನ್ನುತ್ತಾರೆ. ಗೋದಲಿ ಕಟ್ಟಬೇಕಾದ ದಿನಗಳಲ್ಲಿ ಜನ ಶವಗಳನ್ನು ಹುಡುಕಿದರು. ಸರ್ಕಾರ ಆ ಊರನ್ನು ವಾಸಕ್ಕೆ ಯೋಗ್ಯವಲ್ಲ ಎಂದು ಘೋಷಿಸಿತು. ಛಾವಣಿಯಿಲ್ಲದ ಆ ಚರ್ಚಿನ ಗೋಡೆಗಳು ಮರಳಿನ ನಡುವೆ ಇಂದಿಗೂ ನಿಂತಿವೆ.

2017ರಲ್ಲಿ ಓಖಿ ಬಂತು. ನವೆಂಬರ್ 30ರಂದು ಕನ್ಯಾಕುಮಾರಿಯ ಬಳಿ ಒಂದೇ ದಿನದಲ್ಲಿ ಬಲಿತು ಚಂಡಮಾರುತವಾಯಿತು. ದಡದವರಿಗೆ ಎಚ್ಚರಿಕೆ ಮುಟ್ಟಿರಬಹುದು. ವಾರಗಟ್ಟಲೆ ಆಳ ಸಮುದ್ರದಲ್ಲಿರುವ ದೋಣಿಗಳಿಗೆ ಹೇಳುವವರು ಯಾರು? ಸಂತ ಫ್ರಾನ್ಸಿಸ್ ಕ್ಸೇವಿಯರರು 1540ರ ದಶಕದಲ್ಲಿ ನಡೆದಾಡಿದ ಆ ತೀರದ ಊರುಗಳಲ್ಲಿ, ಅವರ ಹಬ್ಬದ ದಿನವಾದ ಡಿಸೆಂಬರ್ 3ರಂದು, ಹೆಂಗಸರು ಮಕ್ಕಳು ಕಡಲನ್ನೇ ನೋಡುತ್ತಾ ಕೂತಿದ್ದರು. ನಮ್ಮ ಉಳ್ಳಾಲ, ಸೋಮೇಶ್ವರದಲ್ಲೂ ಅಲೆಗಳು ಮನೆಗಳಿಗೆ ನುಗ್ಗಿದವು. ಡಿಸೆಂಬರ್ 10ರಂದು ಪೋಪ್ ಫ್ರಾನ್ಸಿಸರು ಕಾಣೆಯಾದ ಮೀನುಗಾರರ ಕುಟುಂಬಗಳಿಗಾಗಿ ಪ್ರಾರ್ಥಿಸುವುದಾಗಿ ಹೇಳಿದರು. ಎಷ್ಟೋ ಮನೆಗಳಿಗೆ ಮಣ್ಣು ಮಾಡಲು ದೇಹವೂ ಸಿಗಲಿಲ್ಲ.

1964ರಲ್ಲಿ ಕೊಚ್ಚಿಹೋದ ಪಾಂಬನ್ ಸೇತುವೆಯನ್ನು ಇ. ಶ್ರೀಧರನ್ ಎಂಬ ತರುಣ ಎಂಜಿನಿಯರ್ 46 ದಿನಗಳಲ್ಲಿ ಸರಿಪಡಿಸಿದರು. ಮುಂದೆ ನಮ್ಮ ಕರಾವಳಿಗೆ ಕೊಂಕಣ ರೈಲು ತಂದವರೂ ಅವರೇ. ಸೇತುವೆ ಮರಳಿ ಎದ್ದಿತು. ಧನುಷ್ಕೋಡಿಗೆ ರೈಲು ಮಾತ್ರ ಮತ್ತೆ ಹೋಗಲಿಲ್ಲ.