ಕಣ್ಣು ನೆಟ್ಟಗಿರುವಾಗಲೇ ತೋರಿಸೋಣ



ಸಂಘದ ಬೆಳ್ಳಿಹಬ್ಬದ ಈ ಸಂದರ್ಭದಲ್ಲಿ ನಮ್ಮ ಭಾಗದ ಕಣ್ಣಿನ ಚಿಕಿತ್ಸೆಯ ಇತಿಹಾಸವನ್ನು ನಾಲ್ಕು ಮಾತಿನಲ್ಲಿ ನೆನೆಯುತ್ತೇವೆ. 1916ರಲ್ಲಿ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ, ಉಚಿತ ಶಿಬಿರ ನಡೆಸಿ, ಬಡವರ ಕಣ್ಣಿನ ಪೊರೆ ತೆಗೆದರು. ಕೈಹಿಡಿದು ಕರಕೊಂಡು ಹೋದ ಮುದುಕರು ತಾವೇ ದಾರಿ ನೋಡಿಕೊಂಡು ಮನೆಗೆ ಬಂದರು. 1976ರಲ್ಲಿ ಕೇಂದ್ರ ಸರಕಾರವೂ ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ ಆರಂಭಿಸಿತು.

ಇದನ್ನೆಲ್ಲ ನೋಡಿ ನಮ್ಮಲ್ಲೊಂದು ತಪ್ಪು ತಿಳಿವಳಿಕೆಯೂ ಬೆಳೆಯಿತು: "ಮಂಜಾದ ಮ್ಯಾಲೆ ಹೋದ್ರಾತು, ಆಪರೇಷನ್ ಮಾಡಿದ್ರ ಕಣ್ಣು ಬರ್ತಾವ." ಪೊರೆಗೆ ಈ ಮಾತು ಬಹುಮಟ್ಟಿಗೆ ಸರಿ, ಗ್ಲಾಕೋಮಾಕ್ಕೆ ಸರಿಯಲ್ಲ. ಅದು ಹೆಚ್ಚಾಗಿ ನೋವಿಲ್ಲದೆ, ಮಳೆನೀರು ಹೊಲದ ಬದು ಕೊರೆದಂತೆ, ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತ ಬರುತ್ತದೆ. ಹೋದ ದೃಷ್ಟಿ ಮರಳದು. ಉಳಿದದ್ದನ್ನು ಕಾಯಬಹುದು, ಅಷ್ಟೇ. ನಮ್ಮ ತಂದೆಯವರು "ನನಗೇನಾಗೇದ?" ಎನ್ನುತ್ತಲೇ ಒಂದು ಕಣ್ಣು ಕಳಕೊಂಡರು. ಇನ್ನೊಂದು ಕಣ್ಣು ದಿನಾ ಹಾಕುವ ಹನಿ ಔಷಧಿಯಿಂದ ಉಳಿಯಿತು.

ಕಣ್ಣಿನೊಳಗೆ ನೋಡುವ ಉಪಕರಣವನ್ನು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1851ರಲ್ಲೇ ಪ್ರಕಟಪಡಿಸಿದ್ದರು. ನಮಗೆ ಗೊತ್ತಾಗದ ಕೆಡುಕು ಅದರಿಂದ ವೈದ್ಯರಿಗೆ ಗೊತ್ತಾಗುತ್ತದೆ.

ಎಲ್ಲರೂ ಪದೇಪದೇ ಹೋಗಬೇಕಿಲ್ಲ. ನಲವತ್ತಾದವರು ಒಮ್ಮೆ ತೋರಿಸಿ, ಆಮೇಲೆ ವೈದ್ಯರು ಹೇಳಿದ ಅವಧಿಗೆ ಹೋದರೆ ಸಾಕು. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಹೋಗಲೇಬೇಕು. ಮನೆತನದಲ್ಲಿ ಗ್ಲಾಕೋಮಾ ಇದ್ದವರು ತಡಮಾಡಬಾರದು. ನಾವೂ ತೋರಿಸಿಕೊಂಡು ಬಂದಿದ್ದೇವೆ.

ಸಂಘ ಲಾಭದಲ್ಲಿದ್ದರೂ ವರ್ಷಾ ಆಡಿಟ್ ಮಾಡಿಸುತ್ತೇವಲ್ಲ? ಕಣ್ಣಿಗೂ ಅದೇ ನ್ಯಾಯ.