ಬೊಮ್ಮನ ಹೆಸರನ್ನು ಓದಿದವರು

ಈಜಿಪ್ಟಿನ ಹಳೆಯ ಕೈರೋವಿನಲ್ಲಿ ಬೆನ್ ಎಜ್ರಾ ಎಂಬ ಯೆಹೂದ್ಯರ ಪುರಾತನ ಪ್ರಾರ್ಥನಾಮಂದಿರವಿದೆ. ದೇವರ ಹೆಸರು ಬರೆದ ಹಾಳೆಯನ್ನು ಬೀದಿಗೆ ಎಸೆಯಬಾರದೆಂಬುದು ಯೆಹೂದ್ಯರ ಕಟ್ಟಳೆ. ಜೀರ್ಣವಾದ ಓಲೆಗರಿಯ ಕಟ್ಟುಗಳನ್ನು ನಮ್ಮ ಹಿರಿಯರು ಎಷ್ಟೋ ಕಡೆ ಹೊಳೆಗೆ ಬಿಟ್ಟರು. ಅವರಾದರೋ 'ಗೆನೀಜಾ' ಎಂಬ ಕೋಣೆಯಲ್ಲಿ ತುಂಬಿದರು. ನಮ್ಮದು ನೀರುಪಾಲಾಯಿತು, ಅವರದು ಉಳಿಯಿತು. ಶಾಸ್ತ್ರಗ್ರಂಥಗಳ ಜೊತೆಗೆ ಸಾಲಪತ್ರ, ಮದುವೆಯ ಕರಾರು, ಅಂಗಡಿಯ ಲೆಕ್ಕ, ವರ್ತಕರ ಕಾಗದ ಎಲ್ಲವೂ ಆ ಕೋಣೆಗೆ ಬಿದ್ದುವು.

ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಯೆಹೂದ್ಯ ಶಾಸ್ತ್ರವನ್ನು ಬೋಧಿಸುತ್ತಿದ್ದ ಸಾಲೊಮನ್ ಷೆಖ್ಟರರು 1896ರ ಕೊನೆಯಲ್ಲಿ ಅಲ್ಲಿಗೆ ಹೋದರು. ಅದಕ್ಕೆ ಹಣವೊದಗಿಸಿದವರು ಸೇಂಟ್ ಜಾನ್ಸ್ ಕಾಲೇಜಿನ ಮುಖ್ಯಸ್ಥ ಚಾರ್ಲ್ಸ್ ಟೇಲರರು. ಗಣಿತಜ್ಞರಾಗಿಯೂ ಹೀಬ್ರೂ ಬಲ್ಲವರಾಗಿಯೂ ಇದ್ದ ಅಪರೂಪದ ಮನುಷ್ಯ. ಸುಮಾರು 1,93,000 ತುಣುಕುಗಳು ಇಂದು ಕೇಂಬ್ರಿಜ್ ಗ್ರಂಥಾಲಯದಲ್ಲಿವೆ. ಆದರೆ ಷೆಖ್ಟರರ ಕಣ್ಣು ಧರ್ಮಗ್ರಂಥಗಳ ಮೇಲಿತ್ತು. ಮೆಣಸಿನ ಲೆಕ್ಕ ಯಾರಿಗೆ ಬೇಕು? ನಾವು ಪಂಡಿತರು ಹಾಗೆಯೇ. ಕಾವ್ಯವಲ್ಲದ ಓಲೆಯನ್ನು ಪಕ್ಕಕ್ಕಿಡುತ್ತೇವೆ.

ಹಾಗೆ ಪಕ್ಕಕ್ಕಿಟ್ಟ ಕಾಗದಗಳನ್ನು ಕೈಗೆತ್ತಿಕೊಂಡವರು ಎಸ್. ಡಿ. ಗೊಯ್ಟೈನ್. ಜರ್ಮನಿಯಲ್ಲಿ ಹುಟ್ಟಿ, ಜೆರೂಸಲೇಮಿನಲ್ಲಿ ಕಲಿಸಿ, 1957ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾನಿಲಯಕ್ಕೆ ಅರಬ್ಬಿಯ ಅಧ್ಯಾಪಕರಾಗಿ ಬಂದವರು. ಈ ಕಾಗದಗಳ ಲಿಪಿ ಹೀಬ್ರೂ, ಭಾಷೆ ಮಾತ್ರ ಅರಬ್ಬಿ. ನಾವು ಸಂಸ್ಕೃತವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವಂತೆ. ಹೀಬ್ರೂ ಮಾತ್ರ ಬಲ್ಲವನಿಗೂ ಅರಬ್ಬಿ ಮಾತ್ರ ಬಲ್ಲವನಿಗೂ ಅವು ಬಾಯಿ ಬಿಡವು. ಯೆಮನ್ ದೇಶದಿಂದ ಬಂದ ಯೆಹೂದ್ಯರ ಮಾತನ್ನೂ ಆಚಾರವನ್ನೂ ಗೊಯ್ಟೈನರು ಮೊದಲೇ ಅಭ್ಯಾಸ ಮಾಡಿದ್ದುದು ಏಡನ್ನಿನ ವರ್ತಕರ ಕಾಗದಗಳನ್ನು ಓದುವಾಗ ಕೆಲಸಕ್ಕೆ ಬಂತು.

ಆ ಕಾಗದಗಳಲ್ಲಿ ನಮ್ಮ ಮಂಗಳೂರು ಕಾಣಿಸಿಕೊಂಡಿತು! ಟ್ಯುನೀಸಿಯದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ ಅಲ್ಲಿ ನೆಲಸಿ ಕಂಚಿನ ಕಾರ್ಖಾನೆ ನಡೆಸಿದ. ಅಡಕೆ, ಮೆಣಸು, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸಿದ. 1132ರ ಅಕ್ಟೋಬರ್ 17ರಂದು, ದ್ವಾರಸಮುದ್ರದಲ್ಲಿ ವಿಷ್ಣುವರ್ಧನನು ಆಳುತ್ತಿದ್ದಾಗ, ಆಶು ಎಂಬ ದಾಸಿಗೆ ಮಂಗಳೂರಿನಲ್ಲಿ ಬಿಡುಗಡೆಯ ಪತ್ರ ಬರೆದುಕೊಟ್ಟ. ಅವಳೇ ಅವನ ಮಕ್ಕಳ ತಾಯಿಯಾದಳೆಂದು ವಿದ್ವಾಂಸರ ಊಹೆ. 1149ರಲ್ಲಿ ಅವನು ಏಡನ್ನಿಗೆ ಮರಳಿದ.

ಅವನಿಗೊಬ್ಬ ಆಳು. ಯಜಮಾನನ ಪರವಾಗಿ ಏಡನ್ನಿಗೆ ಹೋಗಿ ವ್ಯವಹಾರ ಮಾಡಿಬಂದವನು. ಏಡನ್ನಿನ ವರ್ತಕ ಖಲಫನು 1148ರ ಕಾಗದದಲ್ಲಿ ಅವನಿಗೂ ಕುಶಲ ಹೇಳಿಕಳುಹಿಸುತ್ತಾನೆ. ಹೆಸರಿನ ಜಾಗದಲ್ಲಿರುವುದು ಬ, ಮ, ಹ ಎಂಬ ಮೂರೇ ಅಕ್ಷರ. ಹೀಬ್ರೂವಿನಲ್ಲಿ ಹ್ರಸ್ವಸ್ವರಗಳನ್ನು ಬರೆಯುವ ವಾಡಿಕೆಯಿಲ್ಲ. ಇದನ್ನು 'ಬಾಮ' ಎಂದೋದಿ, ಬ್ರಹ್ಮ ಶಬ್ದದ ರೂಪವಿರಬಹುದೆಂದು ಗೊಯ್ಟೈನರು ಸೂಚಿಸಿದರು. ಮುಂದೆ ಅಮಿತಾವ್ ಘೋಷರು ಈ ಆಳಿನ ಬೆನ್ನು ಹತ್ತಿದರು. ಅವರು ಮಾನವಶಾಸ್ತ್ರದ ವಿದ್ಯಾರ್ಥಿ. ಈಜಿಪ್ಟಿನ ಹಳ್ಳಿಯಲ್ಲಿ ಕಲಿತ ಆಡುಮಾತಿನ ಅರಬ್ಬಿಯೇ ಅವರಿಗೆ ಈ ಕಾಗದಗಳ ಬೀಗದಕೈ ಆಯಿತು. ಮಂಗಳೂರಿಗೆ ಬಂದು ತುಳು ಜಾನಪದವನ್ನು ಬಲ್ಲ ಪ್ರೊಫೆಸರ್ ಬಿ. ಎ. ವಿವೇಕ ರೈ ಅವರೊಡನೆ ವಿಚಾರಿಸಿದ ಮೇಲೆ ಮೂರು ಅಕ್ಷರಕ್ಕೆ ಸ್ವರ ಕೂಡಿತು: ಬೊಮ್ಮ.

ಬ್ರಹ್ಮ, ಬೊಮ್ಮ: ನಮ್ಮ ಪ್ರೌಢಶಾಲೆಯ ಹುಡುಗನೂ ಹೇಳುವ ತದ್ಭವ! ಅದೇ ಶತಮಾನದ ಶರಣರಲ್ಲಿ ಕಿನ್ನರಿ ಬೊಮ್ಮಯ್ಯನಿದ್ದಾನೆ. ಆದರೆ ಆ ಹುಡುಗನ ತರಗತಿಗೂ ಕೇಂಬ್ರಿಜ್ಜಿನ ಪೆಟ್ಟಿಗೆಗೂ ನಡುವೆ ದಾರಿಯಿರಲಿಲ್ಲ. 1942ರಲ್ಲಿ ಅಚ್ಚಾದ ಕಾಗದದಲ್ಲಿದ್ದ ಹೆಸರು ಸರಿಯಾದ ಉಚ್ಚಾರ ಪಡೆದು ಘೋಷರ ಪುಸ್ತಕದಲ್ಲಿ ಬಂದದ್ದು 1992ರಲ್ಲಿ. ನಮ್ಮ ಕಾಲೇಜುಗಳಲ್ಲಿ ಇತಿಹಾಸದ ಕೊಠಡಿಗೂ ಕನ್ನಡದ ಕೊಠಡಿಗೂ ಇರುವ ಗೋಡೆಯನ್ನು ಕಂಡಾಗ ಈ ಐವತ್ತು ವರ್ಷ ನನಗೆ ನೆನಪಾಗುತ್ತದೆ.

ಗೊಯ್ಟೈನರು 1985ರಲ್ಲಿ ತೀರಿಕೊಂಡರು. ಭಾರತದ ವರ್ತಕರನ್ನು ಕುರಿತು ಅವರು ಕೂಡಿಸಿಟ್ಟ ಕಾಗದಗಳನ್ನು ಶಿಷ್ಯ ಮೊರ್ದೆಖಾಯ್ ಫ್ರೀಡ್ಮನ್ನರು ಪರಿಷ್ಕರಿಸಿ ಪೂರ್ತಿಗೊಳಿಸಿದರು. 2008ರಲ್ಲಿ ಅಚ್ಚಾದ ಆ ದಪ್ಪ ಗ್ರಂಥದಲ್ಲಿ ಏಡನ್ನಿನಿಂದ ಮಂಗಳೂರಿಗೆ ಬಂದ ಸಕ್ಕರೆ, ಬಾದಾಮಿ, ದ್ರಾಕ್ಷಿಗಳ ಪಟ್ಟಿಯೂ ಇದೆ.