ಮೂರು ನಿಮಿಷದ ಚದುರಂಗ: ಬೆರಳಿಗಿಂತ ಮೊದಲು ಓಡುವ ಕಣ್ಣು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಶಾಲಾ ಪಂದ್ಯಗಳಿಗೆ ಹೋದಾಗಲೆಲ್ಲ ಬ್ಲಿಟ್ಜ್ ಎಂಬ ಮೂರು-ಐದು ನಿಮಿಷದ ವೇಗದ ಚದುರಂಗದ ಬಗ್ಗೆ ಎರಡು ಮಾತು ಕಿವಿಗೆ ಬೀಳುತ್ತವೆ. ಹಿರಿಯರು ಹೇಳುವುದು, "ಬ್ಲಿಟ್ಜ್ ಆಡಿದ್ರ ಹುಡುಗೂರ ಆಟ ಕೆಡತೈತಿ." ಹುಡುಗರು ಹೇಳುವುದು, "ಕೈ ಜೋರ್ ಓಡಬೇಕ್ರಿ ಸರ್, ಅಷ್ಟ." ಇಬ್ಬರೂ ಬ್ಲಿಟ್ಜ್ ಎಂದರೆ ಬೆರಳಿನ ಆಟ ಎಂದೇ ನಂಬಿದ್ದಾರೆ. ವರ್ಷಗಟ್ಟಲೆ ಮಕ್ಕಳಿಗೆ ಈ ಆಟ ಕಲಿಸುತ್ತ ಬಂದಿರುವ ನನಗೆ ಈ ನಂಬಿಕೆಯಿಂದ ಆಗುತ್ತಿರುವ ಹಾನಿ ಕಾಣುತ್ತಿದೆ. ಅದಕ್ಕಾಗಿಯೇ ವೇಗದ ಚದುರಂಗ ಬೆಳೆದು ಬಂದ ದಾರಿಯನ್ನು ಇಲ್ಲಿ ಒಮ್ಮೆ ತಿರುಗಿ ನೋಡುತ್ತಿದ್ದೇನೆ.

ಹಳೆಯ ಕಥೆಯನ್ನು ಬೇಗ ಮುಗಿಸುತ್ತೇನೆ. 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ರಾಜವಿನೋದಗಳ ಸಾಲಿಗೆ ಚದುರಂಗವನ್ನೂ ಸೇರಿಸಿದ. 19ನೇ ಶತಮಾನದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು 64 ಮನೆಗಳಲ್ಲೂ ಕುದುರೆಯನ್ನು ಒಂದೊಂದೇ ಸಲ ನಡೆಸುವ ಬಂಧಗಳನ್ನು ರಚಿಸಿದರು. ನಮ್ಮ ಊರುಗಳ ಕಟ್ಟೆಯ ಮೇಲೆ ನಡೆಯುತ್ತಿದ್ದುದು ದೇಸಿ ಆಟ. ಅದರಲ್ಲಿ ಪ್ಯಾದೆ ಮೊದಲ ಸಲವೂ ಒಂದೇ ಮನೆ ನಡೆಯಬೇಕು. ರಾಜನಿಗೆ ಒಮ್ಮೆ ಕುದುರೆಯಂತೆ ಜಿಗಿಯುವ ಹಕ್ಕು. ಗಡಿಯಾರವೆಂಬುದಿಲ್ಲ. ಮಧ್ಯಾಹ್ನ ಹಾಸಿದ ಹಾಸು ಸಂಜೆ ದೀಪ ಹಚ್ಚಿದರೂ ಮಡಚುತ್ತಿರಲಿಲ್ಲ. ಬ್ರಿಟಿಷ್ ಚಾಂಪಿಯನ್‌ಷಿಪ್ಪನ್ನು 1929, 1932, 1933ರಲ್ಲಿ ಗೆದ್ದ ಮೀರ್ ಸುಲ್ತಾನ್ ಖಾನ್ ಮೊದಲು ಕಲಿತದ್ದೂ ಇಂಥ ದೇಸಿ ಆಟವನ್ನೇ.

ನಮಗೆ ಹತ್ತಿರದ ಚದುರಂಗದ ಊರು ಸಾಂಗಲಿ. ಜಮಖಂಡಿಯಂತೆ ಅದೂ ಪಟವರ್ಧನರ ಸಂಸ್ಥಾನವಾಗಿತ್ತು. ಬೆಂಗಳೂರಿಗಿಂತ ಮೊದಲು ನಮ್ಮ ಭಾಗದ ಆಟಗಾರರ ಕಣ್ಣು ಹೋಗುತ್ತಿದ್ದುದು ಅಲ್ಲಿಗೆ. ಭಾವುಸಾಹೇಬ ಪಡಸಲಗೀಕರರು ನೂತನ ಬುದ್ಧಿಬಳ ಮಂಡಳದ ಮೂಲಕ ಒಂದು ಪರಂಪರೆಯನ್ನೇ ಅಲ್ಲಿ ಕಟ್ಟಿದರು. ಭಾಗ್ಯಶ್ರೀ ಸಾಠೆ-ಠಿಪ್ಸೆ, ಸ್ವಾತಿ ಘಾಟೆ ಆ ಊರಿನವರು. ಚದುರಂಗ ಬೆಳೆಯಲು ರಾಜಧಾನಿಯೇ ಬೇಕೆಂದಿಲ್ಲ, ಪಟ್ಟುಹಿಡಿದ ಒಬ್ಬ ಗುರುವಿದ್ದರೆ ಸಾಕು ಎಂಬುದಕ್ಕೆ ಸಾಂಗಲಿಗಿಂತ ಬೇರೆ ಸಾಕ್ಷಿ ಬೇಡ.

ಪಂದ್ಯದಲ್ಲಿ ಜೋಡಿ ಗಡಿಯಾರ ಕಾಣಿಸಿಕೊಂಡದ್ದು 1883ರ ಲಂಡನ್ ಟೂರ್ನಿಯಲ್ಲಿ. ಅದರಿಂದ ಹುಟ್ಟಿದ ಐದು ನಿಮಿಷದ ಆಟ ಬಹುಕಾಲ ಕ್ಲಬ್ಬುಗಳ ಮೋಜಾಗಿಯೇ ಉಳಿಯಿತು. ಅದಕ್ಕೆ ಘನತೆ ತಂದದ್ದು 1970ರಲ್ಲಿ ಯುಗೊಸ್ಲಾವಿಯಾದ ಹೆರ್ಸೆಗ್ ನೋವಿಯ ಟೂರ್ನಿ. ಬಾಬಿ ಫಿಷರ್ ಅಲ್ಲಿ 22 ಆಟಗಳಲ್ಲಿ 19 ಅಂಕ ಗಳಿಸಿ, ಎರಡನೆಯವನಾದ ಮಿಖಾಯಿಲ್ ತಾಲ್‌ಗಿಂತ ನಾಲ್ಕೂವರೆ ಅಂಕ ಮುಂದಿದ್ದ. ಟೂರ್ನಿ ಮುಗಿದ ಮೇಲೆ ಆ ಆಟಗಳ ನಡೆಗಳನ್ನೆಲ್ಲ ಅವನು ನೆನಪಿನಿಂದಲೇ ಹೇಳಿದ ಎಂಬುದು ಪ್ರಸಿದ್ಧ. ವೇಗದ ಗುಟ್ಟು ಎಲ್ಲಿದೆ ಎಂದು ಕೇಳುವವರಿಗೆ ನಾನು ಮೊದಲು ಹೇಳುವುದು ಈ ಸಂಗತಿಯನ್ನೇ.

ಇದರ ಹಿಂದಿನ ಕಾರಣವನ್ನು ವಿಜ್ಞಾನಿಗಳೂ ಹುಡುಕಿದ್ದಾರೆ. ನೆದರ್‌ಲೆಂಡ್ಸ್‌ನ ಆಡ್ರಿಯಾನ್ ಡಿ ಗ್ರೂಟ್, ಆಮೇಲೆ 1973ರಲ್ಲಿ ಅಮೆರಿಕದ ಚೇಸ್ ಮತ್ತು ಸೈಮನ್, ಆಟಗಾರರಿಗೆ ಒಂದು ಹಾಸನ್ನು ಕೆಲವೇ ಸೆಕೆಂಡು ತೋರಿಸಿ ಮತ್ತೆ ಜೋಡಿಸಲು ಹೇಳಿದರು. ನಿಜವಾದ ಆಟದಿಂದ ತೆಗೆದ ಸ್ಥಿತಿಯಾದರೆ ಮಾಸ್ಟರ್‌ಗಳು ಹೆಚ್ಚುಕಡಿಮೆ ಪೂರ್ತಿ ಜೋಡಿಸಿದರು. ಕಾಯಿಗಳನ್ನು ಮನಬಂದಂತೆ ಚೆಲ್ಲಿದ್ದರೆ ಹೊಸಬರಿಗೂ ಅವರಿಗೂ ವ್ಯತ್ಯಾಸವೇ ಉಳಿಯಲಿಲ್ಲ. ಮಾಸ್ಟರ್ 25 ಕಾಯಿಗಳನ್ನು ಒಂದೊಂದಾಗಿ ನೋಡುವುದಿಲ್ಲ, ಐದಾರು ಪರಿಚಿತ ಗುಂಪುಗಳಾಗಿ ನೋಡುತ್ತಾನೆ. ಬನಹಟ್ಟಿಯ ನುರಿತ ನೇಕಾರ ಮಗ್ಗದ ಮುಂದೆ ನಿಂತ ಕೂಡಲೇ ಸಾವಿರ ಎಳೆಗಳ ನಡುವೆ ಕಡಿದ ಎಳೆ ಎಲ್ಲಿದೆ ಎಂದು ಕಾಣುತ್ತಾನೆ. ಅವನು ಎಳೆ ಎಣಿಸುತ್ತ ಕೂರುವುದಿಲ್ಲ. ಬ್ಲಿಟ್ಜ್ ಆಟಗಾರನ ವೇಗವೂ ಅಂಥದೇ.

ನಮ್ಮ ತಲೆಮಾರಿಗೆ ಈ ವೇಗವನ್ನು ತೋರಿಸಿದವರು ವಿಶ್ವನಾಥನ್ ಆನಂದ್. ತಾಯಿ ಸುಶೀಲಾ ಅವರಿಂದ ಆಟ ಕಲಿತ ಹುಡುಗ ಚೆನ್ನೈನ ತಾಲ್ ಚೆಸ್ ಕ್ಲಬ್ಬಿನಲ್ಲಿ ಬೆಳೆದ. ಅಲ್ಲಿ ಗೆದ್ದವನು ಕುರ್ಚಿ ಬಿಡಬೇಕಿರಲಿಲ್ಲ, ಸೋತವನು ಎದ್ದು ಸಾಲಿನ ಕೊನೆಗೆ ಹೋಗಬೇಕು. ಕೂತಲ್ಲಿಯೇ ಕೂರುವ ಆಸೆಯಿಂದ ಹುಟ್ಟಿದ ವೇಗ ಅದು. 1987ರಲ್ಲಿ ವಿಶ್ವ ಜೂನಿಯರ್ ಚಾಂಪಿಯನ್, 1988ರಲ್ಲಿ ಭಾರತದ ಮೊದಲ ಗ್ರ್ಯಾಂಡ್‌ಮಾಸ್ಟರ್. ಎದುರಾಳಿಗಳು ಎರಡು ಗಂಟೆ ಯೋಚಿಸುತ್ತಿದ್ದ ಆಟಗಳನ್ನು ಆನಂದ್ ಅರ್ಧ ಗಂಟೆಯೊಳಗೆ ಮುಗಿಸಿದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿ ಬೆರಗಾಗುತ್ತಿದ್ದೆವು. ಅವರ ಶೈಲಿಯ ಹಿರಿಮೆ ಆಡಂಬರವಿಲ್ಲದ ನಡೆಗಳಲ್ಲಿದೆ. ಕಾಯಿಗಳು ಒಂದಕ್ಕೊಂದು ಆಸರೆಯಾಗಿ ನಿಂತಿರುತ್ತವೆ, ಹೊಡೆತ ತಾನಾಗಿ ಹುಟ್ಟುತ್ತದೆ. 2017ರ ಡಿಸೆಂಬರಿನಲ್ಲಿ, 48ನೇ ವಯಸ್ಸಿನಲ್ಲಿ, ಅವರು ರಿಯಾದ್‌ನಲ್ಲಿ ವಿಶ್ವ ರ‍್ಯಾಪಿಡ್ (ಬ್ಲಿಟ್ಜ್‌ಗಿಂತ ತುಸು ದೀರ್ಘವಾದ ವೇಗದ ಆಟ) ಪ್ರಶಸ್ತಿ ಗೆದ್ದರು, ಬ್ಲಿಟ್ಜ್‌ನಲ್ಲಿ ಕಂಚು ಪಡೆದರು. ವೇಗ ಎಳೆಯ ಬೆರಳಿನ ಸೊತ್ತಾಗಿದ್ದರೆ ಇದು ಆಗುತ್ತಿರಲಿಲ್ಲ.

ನಿಯಮವನ್ನು ಬದಲಿಸಿದ್ದು ಮತ್ತೆ ಫಿಷರ್. ಪ್ರತಿ ನಡೆಗೂ ಕೆಲವು ಸೆಕೆಂಡು ಸೇರಿಸುವ ಗಡಿಯಾರಕ್ಕೆ ಅವನು ಪೇಟೆಂಟ್ ಪಡೆದ. 1992ರಲ್ಲಿ ಹಳೆಯ ಎದುರಾಳಿ ಸ್ಪಾಸ್ಕಿ ಜೊತೆಗಿನ ಮರುಪಂದ್ಯದಲ್ಲಿ ಅದನ್ನೇ ಬಳಸಿದ. ಇಂದು ವಿಶ್ವ ಬ್ಲಿಟ್ಜ್ ಚಾಂಪಿಯನ್‌ಷಿಪ್ ನಡೆಯುವುದು ಮೂರು ನಿಮಿಷ, ನಡೆಗೆ ಎರಡು ಸೆಕೆಂಡಿನ ಲೆಕ್ಕದಲ್ಲಿ. 60 ನಡೆಗಳ ಆಟಕ್ಕೆ ಒಟ್ಟು ಐದು ನಿಮಿಷ, ನಡೆಗೆ ಸರಾಸರಿ ಐದು ಸೆಕೆಂಡು ಸಿಗುತ್ತದೆ. ಸೆಕೆಂಡು ಸೇರಿಸದ ಮೂರು ನಿಮಿಷದ ಆಟದಲ್ಲಿ ಸಿಗುವುದು ಮೂರೇ ಸೆಕೆಂಡು. ಈ ಎರಡು ಸೆಕೆಂಡಿನ ಅಂತರದಲ್ಲಿ ಕೊನೆಯಾಟದ ಜ್ಞಾನಕ್ಕೆ ಬೆಲೆ ಬರುತ್ತದೆ ಅಥವಾ ಹೋಗುತ್ತದೆ. 2012ರಿಂದ ವಿಶ್ವ ಚದುರಂಗ ಸಂಸ್ಥೆ ಫಿಡೆ ಬ್ಲಿಟ್ಜ್‌ಗೆ ಬೇರೆಯೇ ರೇಟಿಂಗ್ ಕೊಡತೊಡಗಿದ ಮೇಲೆ ಇದು ಮೋಜು ಎಂಬ ಮಾತಿಗೆ ಅರ್ಥ ಉಳಿದಿಲ್ಲ.

ಅಂತರ್ಜಾಲ ಈ ಆಟವನ್ನು ಹಳ್ಳಿಗೆ ತಂದಿತು. 2007ರ ಚೆಸ್ ಡಾಟ್ ಕಾಮ್, 2010ರ ಲಿಚೆಸ್ ಜಾಲತಾಣಗಳು ಮೊದಲು ನಗರಗಳಿಗೆ ಬಂದವು. 2020ರಲ್ಲಿ ಕೊರೊನಾ ಶಾಲೆಗಳ ಬಾಗಿಲು ಹಾಕಿಸಿದಾಗ, ಆನ್‌ಲೈನ್ ಪಾಠಕ್ಕೆಂದು ಮನೆಗೆ ಬಂದ ಮೊಬೈಲಿನಲ್ಲಿ ನಮ್ಮ ಮಕ್ಕಳೂ ಆಡತೊಡಗಿದರು. ಆ ವರ್ಷದ ಆನ್‌ಲೈನ್ ಒಲಿಂಪಿಯಾಡ್‌ನಲ್ಲಿ ಭಾರತ ರಷ್ಯಾದೊಂದಿಗೆ ಚಿನ್ನ ಹಂಚಿಕೊಂಡಿತು. ಆ ತಂಡದಲ್ಲಿದ್ದ ತ್ರಿಶೂರಿನ ನಿಹಾಲ್ ಸರೀನ್ ಬಗ್ಗೆ ಇಲ್ಲಿ ಹೆಚ್ಚು ಹೇಳಬೇಕು. ನಮ್ಮ ಮಕ್ಕಳು ಹೆಚ್ಚು ನೋಡುವುದೂ, ಹೆಚ್ಚು ತಪ್ಪಾಗಿ ಅರ್ಥ ಮಾಡಿಕೊಳ್ಳುವುದೂ ಅವನ ಆಟವನ್ನೇ.

ನಿಹಾಲ್ 2014ರಲ್ಲಿ ಡರ್ಬನ್‌ನಲ್ಲಿ ಹತ್ತು ವರ್ಷದೊಳಗಿನವರ ವಿಶ್ವ ಚಾಂಪಿಯನ್ ಆದ. 2018ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಆದ, ಅದೇ ವರ್ಷದ ವಿಶ್ವ ಬ್ಲಿಟ್ಜ್‌ನಲ್ಲಿ 14ನೇ ವಯಸ್ಸಿಗೆ 11ನೇ ಸ್ಥಾನ ಪಡೆದ. 2020 ಮತ್ತು 2021ರಲ್ಲಿ ಆನ್‌ಲೈನ್ ಜೂನಿಯರ್ ಸ್ಪೀಡ್ ಚೆಸ್ ಪ್ರಶಸ್ತಿ ಅವನದಾಯಿತು. ಅವನ ಆಟ ನೋಡುವ ಹುಡುಗರು ಮೌಸ್ ಓಡುವುದನ್ನು ನೋಡುತ್ತಾರೆ. ಅವನು ಎಲ್ಲಿ ನಿಲ್ಲುತ್ತಾನೆ ಎಂಬುದನ್ನು ನೋಡಿ ಎನ್ನುತ್ತೇನೆ ನಾನು. ಒಳ್ಳೆಯ ನಡೆ ಸಿಕ್ಕಿತೆಂದರೆ ಅದಕ್ಕಿಂತ ಒಳ್ಳೆಯದನ್ನು ಹುಡುಕುತ್ತ ಅವನು ಸಮಯ ಕಳೆಯುವುದಿಲ್ಲ. ಕಾಯಿಗಳನ್ನು ಸರಿಯಾದ ಮನೆಗಳಿಗೆ ತಂದು, ಕಷ್ಟದ ಪ್ರಶ್ನೆಯನ್ನು ಎದುರಾಳಿಗೆ ಬಿಡುತ್ತಾನೆ. ವಜೀರರು ಹೋದ ಮೇಲೆ ಅವನಿಗೆ ಇನ್ನೂ ಆರಾಮ. ಆನೆ-ಪ್ಯಾದೆಗಳ ಕೊನೆಯಾಟದಲ್ಲಿ ಇತರರು ಎಣಿಸುತ್ತಿರುವಾಗ ಅವನಿಗೆ ಗೊತ್ತಿರುತ್ತದೆ. ಸ್ಥಿತಿ ನಿಜವಾಗಿ ತಿರುಗುವ ಜಾಗದಲ್ಲಿ ಮಾತ್ರ ಇಪ್ಪತ್ತು ಸೆಕೆಂಡು ಖರ್ಚು ಮಾಡುತ್ತಾನೆ. ಉಳಿದ ಕಡೆ ಉಳಿಸಿದ್ದರಿಂದಲೇ ಅಲ್ಲಿ ಖರ್ಚು ಮಾಡಲು ಸಮಯ ಇರುತ್ತದೆ.

ಇಂಥ ಆಟವನ್ನು ಕಲಿಸಬಹುದು ಎಂದು ತೋರಿಸಿದವರು ಅಮೆರಿಕದ ಡ್ಯಾನಿಯಲ್ ನರೊಡಿಟ್ಸ್ಕಿ. ಆನ್‌ಲೈನ್ ಬ್ಲಿಟ್ಜ್‌ನ ಅಗ್ರಗಣ್ಯರಲ್ಲಿ ಒಬ್ಬರಾದ ಅವರು ಮೂರು ನಿಮಿಷದ ಆಟ ಆಡುತ್ತಲೇ ತಮ್ಮ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತಿದ್ದರು. ಎದುರಾಳಿಯ ನಡೆ ಯಾವುದಕ್ಕೆ ಗುರಿಯಿಟ್ಟಿದೆ, ತನ್ನ ಯಾವ ಕಾಯಿಗೆ ಆಸರೆಯಿಲ್ಲ, ಯಾವ ಕಾಯಿ ಕೆಲಸವಿಲ್ಲದೆ ನಿಂತಿದೆ ಎಂದು ಕೇಳುತ್ತ ಹೋಗುತ್ತಿದ್ದರು. ಆಟ ಮುಗಿದ ಕೂಡಲೇ ಅದನ್ನು ಮತ್ತೆ ಬಿಚ್ಚಿ ತೋರಿಸುತ್ತಿದ್ದರು. 2025ರ ಅಕ್ಟೋಬರಿನಲ್ಲಿ, 29ನೇ ವಯಸ್ಸಿಗೇ ಅವರು ತೀರಿಹೋದರು. ಬ್ಲಿಟ್ಜ್ ಕಲಿಸುವ ಕ್ರಮಕ್ಕೆ ಅವರಷ್ಟು ಕೊಟ್ಟವರು ನಮ್ಮ ಕಾಲದಲ್ಲಿ ಬೇರೆ ಇಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಿರಿಯರ ಆಕ್ಷೇಪಕ್ಕೂ ಇಲ್ಲಿ ಉತ್ತರ ಕೊಡಬೇಕು. 2024ರಲ್ಲಿ ವಿಶ್ವ ಚಾಂಪಿಯನ್ ಆದ ಗುಕೇಶ್ ಅವರನ್ನು ಗುರು ವಿಷ್ಣು ಪ್ರಸನ್ನ ಆರಂಭದ ವರ್ಷಗಳಲ್ಲಿ ಕಂಪ್ಯೂಟರ್ ಎಂಜಿನ್‌ನಿಂದ ದೂರವಿಟ್ಟು ಬೆಳೆಸಿದರು. ಗುಕೇಶ್ ಅವರ ಬ್ಲಿಟ್ಜ್ ರೇಟಿಂಗ್ ನಿಧಾನದ ಆಟದ ಕ್ಲಾಸಿಕಲ್ ರೇಟಿಂಗ್‌ಗಿಂತ ಕೆಳಗೇ ಇದೆ. ಹಾಗಾದರೆ ಬ್ಲಿಟ್ಜ್ ಬೇಡವೇ? ಇದರಿಂದ ತಿಳಿಯುವುದು ಇಷ್ಟೇ: ನಿಧಾನದ ಆಟ ಬುನಾದಿ, ಬ್ಲಿಟ್ಜ್ ಅದರ ಪರೀಕ್ಷೆ. ಬುನಾದಿಯಿಲ್ಲದವನ ಆಟವನ್ನು ಬ್ಲಿಟ್ಜ್ ಕೆಡಿಸುವುದಿಲ್ಲ, ಬುನಾದಿ ಇಲ್ಲವೆಂಬುದನ್ನು ಹೊರಗೆ ಹಾಕುತ್ತದೆ.

ನನ್ನ ಮಕ್ಕಳಿಗೆ ನಾನು ಹೇಳುವ ಕ್ರಮ ಸರಳ. ಬಿಳಿಗೆ ಒಂದು ಆರಂಭ, ಕಪ್ಪಿಗೆ ಎರಡು, ವರ್ಷವಿಡೀ ಅವನ್ನೇ ಆಡಬೇಕು. ಬೇಸರವಾದರೂ ಬದಲಿಸಬಾರದು, ಏಕೆಂದರೆ ಒಂದೇ ಬಗೆಯ ಸ್ಥಿತಿ ಮತ್ತೆ ಮತ್ತೆ ಕಂಡಾಗಲೇ ಕಣ್ಣಿಗೆ ಗುಂಪುಗಳು ಕೂರುತ್ತವೆ. ಒಗಟು ಬಿಡಿಸುವಾಗ ಕಠಿಣವಾದದ್ದಕ್ಕಿಂತ ಸುಲಭವಾದವನ್ನು ನೂರಾರು ಬಿಡಿಸಬೇಕು, ಅದೇ ಗೊಂಚಲನ್ನು ಮರುವಾರ ಮತ್ತೆ ಬಿಡಿಸಬೇಕು. ರಾಜ-ಪ್ಯಾದೆಯ ಕೊನೆಯಾಟ, ಆನೆಯ ಕೊನೆಯಾಟದಲ್ಲಿ ಫಿಲಿಡೋರ್ ಮತ್ತು ಲುಸೇನಾ ಸ್ಥಿತಿಗಳು ನಿದ್ದೆಯಲ್ಲೆಬ್ಬಿಸಿ ಕೇಳಿದರೂ ಬರಬೇಕು. ಆಡುವುದು ಸೆಕೆಂಡು ಸೇರಿಸುವ ಆಟವನ್ನೇ. ಹದಿನೈದನೇ ನಡೆಗೆ ಮೂರರಲ್ಲಿ ಎರಡು ಪಾಲು ಸಮಯ ಕೈಯಲ್ಲಿರಬೇಕು. ಎದುರಾಳಿಯ ಗಡಿಯಾರ ಓಡುವಾಗ ಅವನ ಮುಖ ನೋಡದೆ ಹಾಸನ್ನು ನೋಡಬೇಕು. ಸತತ ಎರಡು ಆಟ ಸೋತರೆ ಮೂರನೆಯದನ್ನು ಆಡದೆ, ಸೋತವನ್ನು ತೆರೆದು ಎಲ್ಲಿ ಸಮಯ ಸುಟ್ಟಿತು ಎಂದು ಗುರುತಿಸಬೇಕು. ಒಂದು ನಿಮಿಷದ ಬುಲೆಟ್ ಆಟವನ್ನು ಮಕ್ಕಳಿಂದ ದೂರವಿಡುವುದೇ ಒಳಿತು. ಅದರಲ್ಲಿ ಸಿಗುವುದು ಉನ್ಮಾದ, ಅಭ್ಯಾಸವಲ್ಲ.

ಇನ್ನು ನಮ್ಮ ಕೊರತೆ. ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಮೈಸೂರಿನ ತೇಜಕುಮಾರ್, 2017ರಲ್ಲಿ, ಆನಂದ್‌ಗಿಂತ 29 ವರ್ಷ ತಡವಾಗಿ. ಆಮೇಲೆ ಶಿವಮೊಗ್ಗದ ಸ್ಟ್ಯಾನಿ, ಮೈಸೂರಿನ ಗಿರೀಶ್ ಕೌಶಿಕ್, 2022ರಲ್ಲಿ ಬೆಂಗಳೂರಿನ ಪ್ರಣವ್ ಆನಂದ್ ಬಂದರು. ಈ ನಾಲ್ವರಲ್ಲಿ ಕೃಷ್ಣೆ, ಘಟಪ್ರಭೆ, ಮಲಪ್ರಭೆಯ ದಂಡೆಯವರು ಯಾರೂ ಇಲ್ಲ. ಪ್ರತಿಭೆಯ ಕೊರತೆಯಿಂದ ಹೀಗಾಗಿದೆ ಎಂದು ನಾನು ಒಪ್ಪುವುದಿಲ್ಲ. ರಬಕವಿಯ ಮಗ್ಗದ ಮನೆಗಳಲ್ಲಿ, ಮುಧೋಳದ ಕಬ್ಬಿನ ತೋಟದ ವಸ್ತಿಗಳಲ್ಲಿ ಆನ್‌ಲೈನಿನಲ್ಲಿ ಸಾವಿರಾರು ಬ್ಲಿಟ್ಜ್ ಆಡಿದ ಮಕ್ಕಳಿದ್ದಾರೆ. ಅವರನ್ನು ಮರದ ಹಾಸಿನ ಮುಂದೆ ಗಡಿಯಾರದೊಂದಿಗೆ ಕೂರಿಸಿದಾಗ ಕಷ್ಟ ಶುರುವಾಗುತ್ತದೆ. ಮೊಬೈಲು ನಿಯಮಬಾಹಿರ ನಡೆಯನ್ನು ಒಪ್ಪುವುದೇ ಇಲ್ಲ. ಹಾಸಿನ ಮೇಲೆ ರಾಜನಿಗೆ ಶಹ ಇರುವಾಗಲೇ ಬೇರೆ ಕಾಯಿ ನಡೆಸುತ್ತಾರೆ. ಬ್ಲಿಟ್ಜ್‌ನಲ್ಲಿ ಇಂಥ ತಪ್ಪು ಮೊದಲ ಸಲವಾದರೆ ಎದುರಾಳಿಗೆ ಒಂದು ನಿಮಿಷ ಸೇರುತ್ತದೆ, ಎರಡನೇ ಸಲವಾದರೆ ಆಟವೇ ಹೋಗುತ್ತದೆ. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಬೇಕು ಎಂಬುದು ಅವರಿಗೆ ಯಾರೂ ಹೇಳದ ಮಾತು. ಎದುರಾಳಿ ಆಡುವ ಮೊದಲೇ ನಡೆ ಹಾಕಿಡುವ ಪ್ರಿಮೂವ್ ಮರದ ಹಾಸಿನಲ್ಲಿ ಇಲ್ಲ. ಮೇಲಿನಿಂದ ಚಪ್ಪಟೆಯಾಗಿ ಕಂಡು ರೂಢಿಯಾದ ಹಾಸು ಓರೆಯಾಗಿ ಕಂಡಾಗ ದೂರದ ಒಂಟೆ ಅವರ ಕಣ್ಣಿಗೆ ಬೀಳುವುದೇ ಇಲ್ಲ. ಮೂರು ವರ್ಷ ಆಡಿದ ಮಗು ಮೊದಲ ದಿನವೇ ಸೋತು ಮನೆಗೆ ಹೋಗುತ್ತದೆ, ಮತ್ತೆ ಬರುವುದಿಲ್ಲ.

ಕನ್ನಡದಲ್ಲಿ ಕಾಯಿಗಳ ನಡೆ ಹೇಳಿಕೊಡುವ ಪುಸ್ತಕಗಳಿವೆ. ಒಂದು ಬ್ಲಿಟ್ಜ್ ಆಟವನ್ನು ನಡೆ ನಡೆಯಾಗಿ, ಗಡಿಯಾರದ ಸಮಯದೊಂದಿಗೆ ಬಿಡಿಸಿ ಹೇಳುವ ಬರಹ ನನ್ನ ಕೈಗೆ ಇನ್ನೂ ಬಂದಿಲ್ಲ. ನಮ್ಮ ಹುಡುಗಿಯರ ಸ್ಥಿತಿ ಇದಕ್ಕಿಂತ ಕಷ್ಟ. ಕೊನೇರು ಹಂಪಿ 2019 ಮತ್ತು 2024ರಲ್ಲಿ ಮಹಿಳೆಯರ ವಿಶ್ವ ರ‍್ಯಾಪಿಡ್ ಗೆದ್ದರು, 2024ರಲ್ಲಿ ವೈಶಾಲಿ ಮಹಿಳೆಯರ ವಿಶ್ವ ಬ್ಲಿಟ್ಜ್ ಕಂಚು ತಂದರು. ಆದರೂ ಪಂದ್ಯ ಬೇರೆ ಊರಿನಲ್ಲಿದೆ ಎಂದ ಕೂಡಲೇ ಮಗಳನ್ನು ಕಳಿಸಲು ಹಿಂಜರಿಯುವ ಮನೆಗಳು ನಮ್ಮಲ್ಲಿ ಬಹಳ.

ಬೆಂಗಳೂರಿನಿಂದ ಯಾರೋ ಬಂದು ಅಕಾಡೆಮಿ ತೆರೆಯಲಿ ಎಂದು ಕಾಯಬೇಕಿಲ್ಲ. ನಾಲ್ಕೂ ತಾಲೂಕುಗಳ ದೈಹಿಕ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ. ಈ ವರ್ಷದ ಶಾಲಾ ಪಂದ್ಯದಲ್ಲಿ ಮೊದಲ ಎರಡು ಹಾಸಿಗಷ್ಟೇ ಅಲ್ಲ, ಎಲ್ಲ ಹಾಸಿಗೂ ಗಡಿಯಾರ ಇಡಿ. ಕೊಳ್ಳಲು ಹಣವಿಲ್ಲದಿದ್ದರೆ ಮೊಬೈಲಿನಲ್ಲಿ ಗಡಿಯಾರದ ಆ್ಯಪ್‌ಗಳು ಉಚಿತವಾಗಿ ಸಿಗುತ್ತವೆ, ಹಾಸಿನ ಪಕ್ಕ ಒಂದು ಹಳೆಯ ಫೋನ್ ಇದ್ದರೆ ಸಾಕು. ಶನಿವಾರ ಮಧ್ಯಾಹ್ನ ಒಂದು ತಾಸು, ಮೂರು ನಿಮಿಷಕ್ಕೆ ಎರಡು ಸೆಕೆಂಡು ಸೇರಿಸಿ, ಹುಡುಗ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಆಡಿಸಿ. ಆಮೇಲೆ ಅವರು ಸೋತ ಆಟಗಳನ್ನು ಕನ್ನಡದಲ್ಲೇ ಬಿಡಿಸಿ ಹೇಳಿ.